ಹಸಿರು ವೈರು, ಹಲಸಿನ ಮಣೆ

ಏಪ್ರಿಲ್ ೧೯, ಭಾನುವಾರ

ಹಿಂದೊಮ್ಮೆ ಇಡೀ ಮದರಾಸು ಕತ್ತಲೆಯಲ್ಲಿ ಮುಳುಗಿ, ದೊಡ್ಡ ದೊಡ್ಡ ಇಂಜಿನಿಯರುಗಳು ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ, ಒಂದು ಸ್ಕ್ರೂಡ್ರೈವರು, ಒಂದು ಬಾಳೆದಂಟು ಹಿಡಿದು ಊರಿಗೆ ಬೆಳಕು ತಂದವನು ನಾನೇ. ಪೇಪರಿನಲ್ಲಿ ನನ್ನ ಹೆಸರು ಬರಲಿಲ್ಲ, ಏಕೆಂದರೆ ನಾನೇ ಬೇಡವೆಂದೆ. ಇಂಥ ಶೀನನಿಗೆ ತಾನಿರುವ ಕೀಲ್ಪಾಕಿನ ಅಕ್ಕನ ಮನೆಯಲ್ಲಿ ನಾಲ್ಕು ಫ್ಯಾನುಗಳಿಗೆ ಹೊಸ ಸ್ವಿಚ್ಚು ಕೂರಿಸುವುದು ಯಾವ ಲೆಕ್ಕ. ಆದರೂ ಇಂದಿನ ಕೆಲಸ ಬರೆದಿಡುವಂಥದ್ದೇ. ಅಕ್ಕನ ಸೊಸೆ ಭಾವನಾಳ ಇನ್ಶೂರೆನ್ಸ್ ಆಫೀಸಿನ ಡೈರಿ ಖಾಲಿ ಬಿದ್ದಿತ್ತು, ಎತ್ತಿಕೊಂಡೆ.

ವಿಷಯ ಇಷ್ಟು. ನನ್ನ ಅಕ್ಕ ಜಲಜೆಗೆ ಹೋದ ತಿಂಗಳು ಎದೆಯಲ್ಲಿ ಪೇಸ್‌ಮೇಕರ್ ಇಟ್ಟರು. ಕೈ ಮೇಲೆತ್ತಬಾರದು, ಭಾರ ಎತ್ತಬಾರದು, ಕರೆಂಟು ಹೊಡೆಯುವ ಯಾವುದರ ಹತ್ತಿರವೂ ಸುಳಿಯಬಾರದು ಎಂದು ಡಾಕ್ಟರು ಹೇಳಿ ಕಳಿಸಿದ್ದಾರೆ. ಈ ಹಳೆಯ ಮನೆಯ ಫ್ಯಾನ್ ರೆಗ್ಯುಲೇಟರುಗಳೋ ತಲೆಗಿಂತ ಎತ್ತರದಲ್ಲಿ. ಅಕ್ಕನ ಮಗ ಅಜಯ್ ಅದಕ್ಕಾಗಿ ಸ್ಮಾರ್ಟ್ ಸ್ವಿಚ್ಚು ತಂದ. ಹಾಸಿಗೆಯಲ್ಲಿ ಮಲಗಿಕೊಂಡೇ ಫೋನಿನಲ್ಲಿ ಒತ್ತಿದರೆ ಫ್ಯಾನು ಜೋರಾಗುತ್ತದೆ, ನಿಧಾನವಾಗುತ್ತದೆ. ಕೂರಿಸಲು ಬಂದ ಕಂಪನಿಯವನು ಬೋರ್ಡು ಬಿಚ್ಚಿ ನೋಡಿ, ಇದಕ್ಕೆ ಕರೆಂಟು ವಾಪಸು ಹೋಗುವ ನ್ಯೂಟ್ರಲ್ ವೈರು ಬೇಕು, ನಿಮ್ಮ ಗೋಡೆಯ ಡಬ್ಬಿಯಲ್ಲಿ ಅದಿಲ್ಲ, ಗೋಡೆ ಒಡೆದು ಹೊಸ ವೈರು ಎಳೆಯಬೇಕು ಎಂದ. ಅಕ್ಕ ಈಗಷ್ಟೇ ಆಸ್ಪತ್ರೆಯಿಂದ ಬಂದವಳು. ಧೂಳಿಗೆ ಕೆಮ್ಮಿದರೆ ಹೊಲಿಗೆ ಎಳೆಯುತ್ತದೆ.

“ಗೋಡೆಗೆ ಒಂದು ಗೀರು ಬೀಳದ ಹಾಗೆ ನಾನು ಮಾಡ್ತೆ,” ಎಂದೆ.

“ಬೇಡ ಶೀನಮಾವ. ಮಿಕ್ಸಿ ರಿಪೇರಿ ಮಾಡಿದ್ದು ನೆನಪಿದೆ ಅಲ್ವಾ,” ಎಂದ ಅಜಯ್.

ಮಿಕ್ಸಿಯ ಮಾತು ಬೇರೆ. ಅದು ಮೊದಲೇ ಕೆಟ್ಟ ಜಾತಿಯದು. ಇಂದು ಅವನು ಹೆಂಡತಿ ಮಗಳೊಂದಿಗೆ ಮದುವೆಗೆ ಹೋದ ಹೊತ್ತಿನಲ್ಲಿ ಮುಗಿಸಿಬಿಟ್ಟೆ. ಡಬ್ಬಿಯೊಳಗೆ ಹಸಿರು ಬಣ್ಣದ ಅರ್ತ್ ವೈರೊಂದು ಕೂತು ಉಣ್ಣುವ ದಾಯಾದಿಯಂತೆ ಸುಮ್ಮನೆ ಇತ್ತು. ನ್ಯೂಟ್ರಲ್ ಇರಬೇಕಾದ ಜಾಗಕ್ಕೆ ಅದನ್ನೇ ಸೇರಿಸಿದೆ. ಇದನ್ನು ನಾನು ಯಾವ ಕಾಲೇಜಿನಲ್ಲೂ ಕಲಿಯಬೇಕಾಗಿರಲಿಲ್ಲ. ನಮ್ಮ ಅಪ್ಪಯ್ಯ ಕೊಟ್ಟಿಗೆಗೆ ಒಂದೇ ವೈರು ಎಳೆದು, ಇನ್ನೊಂದರ ಬದಲು ನೆಲಕ್ಕೆ ಕಬ್ಬಿಣದ ಗೂಟ ಹೊಡೆದು ಬಲ್ಬು ಉರಿಸಿದವರು. ಭೂಮಿಯೇ ಎರಡನೇ ವೈರು. ಅದನ್ನು ಕಾಣಲು ನಾಲ್ಕು ಊರಿನವರು ಬಂದಿದ್ದರು.

ನಾಲ್ಕೂ ಸ್ವಿಚ್ಚುಗಳಲ್ಲಿ ನೀಲಿ ಬೆಳಕು ಬಂತು. ಸಂಜೆ ಮನೆಗೆ ಬಂದ ಅಜಯ್ ಬಾಯಿ ತೆರೆದವನು ಮುಚ್ಚಲಿಲ್ಲ. ಗೋಡೆ ಒಡೆಯುವ ಖರ್ಚು ಪೂರ್ತಿ ಉಳಿಯಿತು. ಒಂದು ಕಾಸಿನ ನಷ್ಟವಿಲ್ಲ.

ಏಪ್ರಿಲ್ ೨೦, ಸೋಮವಾರ

ನಿನ್ನೆ ಬರೆಯಲು ಮರೆತದ್ದು: ಮೊದಲ ಎರಡು ಸ್ವಿಚ್ಚು ಸ್ವಲ್ಪ ಹೊಗೆ ಬಿಟ್ಟು ಸತ್ತವು. ಅಜಯ್ ಬರುವುದರೊಳಗೆ ರಿಚ್ಚಿ ಸ್ಟ್ರೀಟಿಗೆ ಓಡಿ ಅಂಥದ್ದೇ ಎರಡು ತಂದೆ. ಸಣ್ಣ ಖರ್ಚು. ಹಳೆಯ ರೆಗ್ಯುಲೇಟರುಗಳನ್ನು ಗುಜರಿಯವನಿಗೆ ಹಾಕಿದೆ.

ಅಕ್ಕ ಊರಿನವರಿಗೆಲ್ಲ ಫೋನು ಮಾಡಿ, “ನಮ್ಮ ಶೀನನೇ ಮಾಡಿದ್ದ್. ಮಲ್ಕಂಡಲ್ಲೇ ಗಾಳಿ,” ಎಂದು ಹೇಳುತ್ತಿದ್ದಳು. ಪಕ್ಕದ ಕೋಣೆಯಲ್ಲಿ ಕೂತು ಪೂರ್ತಿ ಕೇಳಿದೆ. ಕ್ರೋಂಪೇಟೆಯ ಹೋಟೆಲಿನ ಗಲ್ಲಾದಲ್ಲಿ ನಲವತ್ತು ವರ್ಷ ರಾಜನಂತೆ ಕೂತವನಿಗೆ ಹೊಗಳಿಕೆ ಹೊಸದಲ್ಲ. ಆದರೂ ಕೇಳಿದೆ.

ಏಪ್ರಿಲ್ ೨೭, ಸೋಮವಾರ

ಮಧ್ಯಾಹ್ನ ಅಜಯನ ಮಗಳು ಪ್ರಣಮ್ಯಾ ಕೈ ಉಜ್ಜಿಕೊಳ್ಳುತ್ತ ಬಂದಳು. ಆರು ವರ್ಷದ ಹುಡುಗಿ, ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ.

“ತಾತಾ, ಫ್ರಿಜ್ ಎರುಂಬು ಮಾದಿರಿ ಕಡಿಕ್ಕುದು.”

ಫ್ರಿಜ್ಜು ಇರುವೆಯ ಹಾಗೆ ಕಚ್ಚುತ್ತದಂತೆ. ಭಾವನಾ ಇರುವೆ ಸೀಮೆಸುಣ್ಣ ತಂದು ಫ್ರಿಜ್ಜಿನ ಸುತ್ತ ಗೆರೆ ಎಳೆದಳು. ನಾನೂ ನಗುತ್ತ, ಲಕ್ಷ್ಮಣರೇಖೆ ಆಯಿತು ಎಂದೆ.

ಅವರು ಆಚೆ ಹೋದ ಮೇಲೆ ಫ್ರಿಜ್ಜಿನ ಬಾಗಿಲಿಗೆ ಟೆಸ್ಟರು ಇಟ್ಟೆ. ಅದರೊಳಗಿನ ಸಣ್ಣ ದೀಪ ಕೆಂಪಗೆ ಹೊತ್ತಿಕೊಂಡಿತು. ಗ್ರೈಂಡರಿಗೆ ಇಟ್ಟೆ. ಹೊತ್ತಿತು. ವಾಷಿಂಗ್ ಮೆಷಿನ್ನಿಗೆ ಇಟ್ಟೆ. ಹೊತ್ತಿತು. ಬಚ್ಚಲಿನ ನಲ್ಲಿಗೆ ಇಡಲು ಕೈ ಬರಲಿಲ್ಲ.

ಟೆಸ್ಟರು ಹಳೆಯದು. ಹಳೆಯ ಟೆಸ್ಟರು ಕೆಲವೊಮ್ಮೆ ಸುಳ್ಳು ಹೇಳುತ್ತದೆ.

ಏಪ್ರಿಲ್ ೨೮, ಮಂಗಳವಾರ

ಹೊಸ ಟೆಸ್ಟರು ತಂದೆ. ಅದೂ ಹೊತ್ತಿತು.

ನನಗೆ ಅರ್ಥವಾಯಿತು. ಹಸಿರು ವೈರು ಮನೆಯ ಎಲ್ಲ ಸಾಮಾನುಗಳ ಮೈಗೂ ಅಂಟಿಕೊಂಡಿದೆ. ಎಲ್ಲಾದರೂ ಕರೆಂಟು ಸೋರಿದರೆ ಅದನ್ನು ನೆಲಕ್ಕೆ ಇಳಿಸುವುದು ಅದರ ಕೆಲಸ. ನಾನು ಆ ದಾರಿಯಲ್ಲೇ ಕರೆಂಟು ಹರಿಸಿದ್ದೇನೆ. ನೆಲ ಅದನ್ನು ಕುಡಿಯುತ್ತಿದ್ದರೆ ಸರಿ. ಬೇಸಿಗೆಗೆ ಒಣಗಿದ ನೆಲ ಕುಡಿಯದಿದ್ದರೆ ಅದು ಫ್ರಿಜ್ಜಿನಲ್ಲಿ, ಗ್ರೈಂಡರಿನಲ್ಲಿ ನಿಂತು ಯಾರಾದರೂ ಬಂದು ಮುಟ್ಟಲಿ ಎಂದು ಕಾಯುತ್ತದೆ. ಸ್ವಿಚ್ಚು ಆರಿಸಿದರೂ ನೀಲಿ ಬೆಳಕು ಆರುವುದಿಲ್ಲ. ಅಂದರೆ ಕರೆಂಟು ಹರಿಯುತ್ತಲೇ ಇರುತ್ತದೆ, ಗೋಡೆಯಿಂದ ಕಿತ್ತರೆ ಮಾತ್ರ ನಿಲ್ಲುತ್ತದೆ. ಕಿತ್ತರೆ ಫ್ಯಾನು ನಿಲ್ಲುತ್ತದೆ, ರೆಗ್ಯುಲೇಟರು ಗುಜರಿಗೆ ಹೋಗಿದೆ, ಅಕ್ಕನಿಗೆ ಈ ಸೆಕೆಯಲ್ಲಿ ಉಸಿರು ಕಟ್ಟುತ್ತದೆ. ಅಜಯ್ ಎಂತ ಆಯ್ತು ಎಂದು ಕೇಳುತ್ತಾನೆ.

ಅಪ್ಪಯ್ಯ ಬಲ್ಬು ಮಂಕಾದರೆ ಗೂಟದ ಬುಡಕ್ಕೆ ನೀರು ಹೊಯ್ಯುತ್ತಿದ್ದರು. ಕೆಳಗೆ ಇಳಿದು ಹುಡುಕಿದೆ. ಕಾರು ನಿಲ್ಲಿಸುವ ಜಾಗದ ಮೂಲೆಯಲ್ಲಿ ಮಣ್ಣಿನಿಂದ ಎದ್ದ ಅರ್ತ್ ಪೈಪು. ಸುತ್ತಲಿನ ಮಣ್ಣು ಹಪ್ಪಳದಂತೆ ಬಿರಿದಿದೆ. ಎರಡು ಬಕೆಟು ನೀರು ಹೊಯ್ದು ಮೇಲೆ ಬಂದು ಟೆಸ್ಟರು ಇಟ್ಟೆ. ದೀಪ ಕಾಣಿಸಿಯೂ ಕಾಣಿಸದಷ್ಟು.

ಇನ್ನೆರಡು ಬಕೆಟು ಹೊಯ್ಯಲು ಮತ್ತೆ ಕೆಳಗಿಳಿದೆ.

ಮೇ ೧, ಶುಕ್ರವಾರ

ಪೈಪಿನ ಬುಡದಲ್ಲಿ ತುಳಸಿ ಗಿಡ ನೆಟ್ಟಿದ್ದೇನೆ. ಬೆಳಿಗ್ಗೆ ಎರಡು ಬಕೆಟು, ಸಂಜೆ ಎರಡು. ಯಾರಾದರೂ ಕೇಳಿದರೆ ಅಕ್ಕನ ಆರೋಗ್ಯಕ್ಕೆ ಹರಕೆ. ಅಕ್ಕ ಕೇಳಿ ಕಣ್ಣೊರೆಸಿಕೊಂಡಳು. ಅದು ಬೇಕಿರಲಿಲ್ಲ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಫ್ರಿಜ್ಜಿಗೆ ಬೆರಳ ಬೆನ್ನು ತಾಗಿಸಿ ನೋಡುತ್ತೇನೆ, ಆಮೇಲೆ ಗ್ರೈಂಡರಿಗೆ, ಬಚ್ಚಲ ನಲ್ಲಿಗೆ. ಟೆಸ್ಟರಿಗಿಂತ ಕೈ ನಂಬಿಕೆಯದ್ದು. ಹಗಲೆಲ್ಲ ಊಟದ ಮೇಜಿನ ಕುರ್ಚಿಯನ್ನು ಫ್ರಿಜ್ಜಿನ ಎದುರಿಗೆ ಹಾಕಿಕೊಂಡು ಕೂರುತ್ತೇನೆ. ಯಾರಿಗೆ ಏನು ಬೇಕಾದರೂ ನಾನೇ ತೆಗೆದುಕೊಡುತ್ತೇನೆ. ಪ್ರಣಮ್ಯಾಗೆ ಸ್ಕೂಲು ರಜೆ, ಗಳಿಗೆಗೊಮ್ಮೆ ಐಸು.

“ಏನ್ ತಾತಾ ಇಂಗೇಯೇ ಉಕ್ಕಾಂದಿರುಕೀಂಗ?” ಇಲ್ಲೇ ಯಾಕೆ ಕೂತಿದ್ದೀರಿ ಎನ್ನುತ್ತಾಳೆ.

“ಇದು ನನ್ನ ಗಲ್ಲಾ. ಟೋಕನ್ ಇಲ್ಲದೆ ಐಸಿಲ್ಲ,” ಎಂದೆ. ಅವಳು ಕಾಗದ ಹರಿದು ಟೋಕನ್ನು ಮಾಡಿಕೊಂಡು ಬಂದಳು.

ಭಾವನಾ ಗಂಡನ ಹತ್ತಿರ ಮೆತ್ತಗೆ ಹೇಳಿದ್ದು ಕೇಳಿಸಿತು: “ಮಾವ ಈಚೆಗೆ ಎಷ್ಟು ಉಪಕಾರ ಮಾಡ್ತಾರೆ ನೋಡಿ.”

ಮೇ ೫, ಮಂಗಳವಾರ

ಇಲ್ಲಿಯವರು ಕತ್ತರಿ ಬಿಸಿಲು ಎನ್ನುವ ಕಡುಬೇಸಿಗೆ ಶುರುವಾಗಿದೆ. ಬೆಳಿಗ್ಗೆ ಬಕೆಟು ಹಿಡಿದು ಕೆಳಗಿಳಿದರೆ ಕಟ್ಟಡದ ಸೆಕ್ರೆಟರಿ ತಿರುಮಲೇಶ ಕಾದು ನಿಂತಿದ್ದ. ರೈಲ್ವೆಯಲ್ಲಿ ಇದ್ದವನು, ಕೋಲಾರದ ಕಡೆಯವನು, ಹುಟ್ಟಿದ್ದು ಇಲ್ಲೇ.

“ಏನ್ ಸಾರ್, ಇದು ತುಳಸಿಯಾ ಇಲ್ಲಾ ತೆಂಗಿನ ತೋಪಾ? ಟ್ಯಾಂಕರ್ ತಣ್ಣಿ ಸಾರ್ ಇದು. ಮೇಲಿನ ಮನೆಯವರು ಕುಳಿಸೋಕೂ ಇಲ್ಲ ಅಂತ ಸಂಡೆ ಹಾಕ್ತಾ ಇದಾರೆ.” ದುಡ್ಡು ಕೊಟ್ಟು ತರಿಸಿದ ನೀರು, ಸ್ನಾನಕ್ಕೂ ಇಲ್ಲವೆಂದು ಮೇಲಿನವರು ಜಗಳ ತೆಗೆದಿದ್ದಾರಂತೆ.

“ಹರಕೆ ಸಾರ್.”

“ಹರಕೆಗೆ ಒಂದು ಚೊಂಬು ಸಾಕು ಸಾರ್. ಪೆರುಮಾಳ್ ಏನೂ ಅಂದ್ಕೊಳ್ಳಲ್ಲ.”

ಕೆಳಗಿನ ನಲ್ಲಿಗೆ ಬೀಗ ಹಾಕಿಸಿದ. ಒಂದು ಚೊಂಬು ನೀರು ಮಣ್ಣಿಗೆ ತಾಗುವ ಮೊದಲೇ ಆರಿಹೋಯಿತು. ಸಂಜೆ ಟೆಸ್ಟರಿನ ದೀಪ ಮೊದಲಿಗಿಂತ ಕೆಂಪಗೆ ಹೊತ್ತಿತು.

ಮೇ ೬, ಬುಧವಾರ

ಅಕ್ಕ ಇವತ್ತು ಅಡಿಗೆಮನೆಗೆ ಇಳಿದಳು. ಯಾರು ಹೇಳಿದರೂ ಕೇಳುವವಳಲ್ಲ. ಸ್ನಾನ ಮಾಡಿ, ಒದ್ದೆ ತಲೆಗೆ ಬಟ್ಟೆ ಸುತ್ತಿ, ಮಡಿಯಲ್ಲಿ, ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು ಗ್ರೈಂಡರಿನ ಕಡೆ ಕೈ ಚಾಚಿದಳು. ನಾನು ಕೂಗಿದ ಕೂಗಿಗೆ ನನಗೇ ಹೆದರಿಕೆಯಾಯಿತು.

“ಎಂತ ಆಯ್ತಾ ನಿಂಗೆ? ಜೀವ ಹೋಪಂಗೆ ಕೂಗ್ತೆ.”

ರಬ್ಬರ್ ಚಪ್ಪಲಿ ತಂದು ಹಾಕಿಕೋ ಎಂದೆ.

“ಚಪ್ಪಲ್ ಹಾಕಂಡ್ ಮಡಿಯಲ್ ಅಡಿಗೆ ಮಾಡೂದಾ? ನಿನ್ ಮಂಡೆ ಸಮ ಇತ್ತಾ?”

ಆಗ ಕಂಡದ್ದು ದೇವರ ಕೋಣೆಯಲ್ಲಿದ್ದ ಹಲಸಿನ ಮಣೆ. ದಪ್ಪ ಮರ, ಒಣ ಮರ. ಮರಕ್ಕೆ ಮೈಲಿಗೆಯಿಲ್ಲ, ಕರೆಂಟೂ ಇಲ್ಲ. ಅವಳಂಥ ಮಂಡಿನೋವಿನವರು ತಣ್ಣನೆಯ ನೆಲದ ಮೇಲೆ ನಿಲ್ಲಬಾರದು, ಮಣೆಯ ಮೇಲೆ ನಿಲ್ಲಬೇಕು ಎಂದು ಡಾಕ್ಟರು ನನಗೊಬ್ಬನಿಗೇ ಗುಟ್ಟಾಗಿ ಹೇಳಿದ್ದಾರೆ ಎಂದೆ. ಅವಳು ಮಣೆಯನ್ನೂ ನನ್ನನ್ನೂ ಸ್ವಲ್ಪ ಹೊತ್ತು ನೋಡಿದಳು. ಎಂದೂ ಇಲ್ಲದ ಹಾಗೆ ವಾದಿಸದೆ ಹತ್ತಿ ನಿಂತಳು.

ಅವಳು ರುಬ್ಬಿ ಮುಗಿಸುವ ತನಕ ಬಾಗಿಲಲ್ಲಿ ನಿಂತು ಅವಳ ಪಾದಗಳನ್ನೇ ನೋಡುತ್ತಿದ್ದೆ. ಒಂದು ಬೆರಳು ಮಣೆಯ ಅಂಚಿನಿಂದ ಹೊರಗೆ ಬಂದರೆ ಅಕ್ಕ, ಕಾಲು ಎಂದು ಎಚ್ಚರಿಸುತ್ತಿದ್ದೆ.

ಮೇ ೭, ಗುರುವಾರ

ಬೆಳಿಗ್ಗೆ ಫ್ರಿಜ್ಜು ಹೊಡೆಯಿತು. ಮೊಣಕೈ ತನಕ. ಯಾರೂ ಎದ್ದಿರಲಿಲ್ಲ.

ಮೇ ೮, ಶುಕ್ರವಾರ

ಭಾನುವಾರ ಅಪ್ಪಯ್ಯನ ತಿಥಿ. ಮಗನೆಂದು ಇರುವವನು ನಾನೊಬ್ಬನೇ, ಪ್ರತಿ ವರ್ಷ ಇಲ್ಲೇ ಮಾಡುವುದು. ಅಡಿಗೆ ಅಕ್ಕನದು. ಬೆಳಗಿನಿಂದ ಒದ್ದೆ ಸೀರೆಯಲ್ಲೇ ಇರುತ್ತಾಳೆ. ಗ್ರೈಂಡರು ನಿಲ್ಲುವ ಹಾಗಿಲ್ಲ. ಒಲೆಗೆ, ನಲ್ಲಿಗೆ, ಫ್ರಿಜ್ಜಿಗೆ ಓಡಾಡುವವಳು ಒಂದೇ ಮಣೆಯ ಮೇಲೆ ಎಷ್ಟು ಹೊತ್ತು ನಿಂತಾಳು.

ಕೊಟ್ಟಿಗೆಯ ಕಥೆಯಲ್ಲಿ ಒಂದು ಮಾತು ಬರೆಯದೆ ಬಿಟ್ಟಿದ್ದೆ. ಆ ದೀಪ ಒಂದೇ ಬೇಸಿಗೆ ಉರಿದದ್ದು. ಒಂದು ಬೆಳಿಗ್ಗೆ ನಮ್ಮ ಕೆಂಪಿ ದನ ಗೂಟದ ಪಕ್ಕ, ತನ್ನದೇ ಗಂಜಲದ ಒದ್ದೆಯಲ್ಲಿ, ನಾಲ್ಕು ಕಾಲು ಚಾಚಿ ಬಿದ್ದಿತ್ತು. ಮೈಮೇಲೆ ಗಾಯವಿರಲಿಲ್ಲ. ಕಣ್ಣು ತೆರೆದೇ ಇತ್ತು. ಅಪ್ಪಯ್ಯ ಗೂಟ ಕಿತ್ತು ತೋಡಿಗೆ ಎಸೆದರು. ಹಾವು ಕಚ್ಚಿತು ಎಂದು ಊರಿಗೆ ಹೇಳಿದರು.

ಅಜಯನಿಗೆ ಹೇಳಬೇಕೆಂದು ಸಂಜೆ ಮೂರು ಸಲ ಅವನ ಕೋಣೆಯ ಬಾಗಿಲಿಗೆ ಹೋದೆ. ಗಿಂಡಿಯ ಆಫೀಸಿನಿಂದ ಸುಸ್ತಾಗಿ ಬಂದು ಮಲಗಿದ್ದ. ಫೋನಿನಲ್ಲಿ ಫ್ಯಾನು ಜೋರು ಮಾಡಿ, “ಸೂಪರ್ ಮಾವ ಇದು. ಬನ್ನಿ, ಎಂತ ವಿಷಯ?” ಎಂದ.

“ಎಂತ ಇಲ್ಲೆ,” ಎಂದೆ.

ಮೇ ೧೦, ಭಾನುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಸ್ನಾನ ಮುಗಿಸಿದವನೇ ಮೀಟರಿನ ಹತ್ತಿರದ ಮುಖ್ಯ ಫ್ಯೂಸು ಕಿತ್ತು, ಒದ್ದೆ ಪಂಚೆಯ ಮಡಿಕೆಯಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಕರೆಂಟು ಹೋಯಿತು ಎಂದೆ. ಕರೆಂಟೇ ಇಲ್ಲದ ಮನೆಯಲ್ಲಿ ಯಾರೂ ಸಾಯುವುದಿಲ್ಲ. ರುಬ್ಬುವುದಕ್ಕೆ, ಬಾಲ್ಕನಿಯ ಬಾಗಿಲಿಗೆ ಒತ್ತಾಗಿ ಇಟ್ಟಿದ್ದ ಸಣ್ಣ ಒರಳನ್ನು ತೊಳೆದು ತಂದೆ. ನಲವತ್ತು ವರ್ಷ ಹೋಟೆಲಿನ ಹಿಂದಿನ ಕೋಣೆಯಲ್ಲಿ ಹಿಟ್ಟು ರುಬ್ಬಿದ ಕೈ. ಅದಕ್ಕೆ ಇದು ಕಷ್ಟವಲ್ಲ.

ಆದರೆ ಅಕ್ಕನನ್ನು ಮರೆತಿದ್ದೆ. ಗಾಳಿಯಿಲ್ಲದ ಅಡಿಗೆಮನೆ, ಎರಡು ಒಲೆ ಉರಿ, ಹೊರಗೆ ಕತ್ತರಿ ಬಿಸಿಲು. ಪಾಯಸ ಕದಡುತ್ತಿದ್ದವಳು ಸೌಟು ಬಿಟ್ಟಳು. ಗೋಡೆ ಹಿಡಿದು ಮಣೆಯ ಮೇಲೆ ಕುಸಿದು ಕೂತಳು. ಮುಖ ಬೂದಿಯ ಬಣ್ಣ. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಗೆರಸೆ ತೆಗೆದುಕೊಂಡು ಗಾಳಿ ಹಾಕಿದೆ. ಎಷ್ಟು ಬೀಸಿದರೂ ಬಿಸಿಗಾಳಿಯೇ.

ಹೊರಗಿನಿಂದ ಅಜಯ್ ಹೇಳುತ್ತಿದ್ದ. “ಎದುರು ಮನೆಯಲ್ಲಿ ಫ್ಯಾನ್ ಓಡ್ತಾ ಇದೆ. ನಮಗೆ ಮಾತ್ರ ಯಾಕೆ ಇಲ್ಲ? ನಾನು ಕೆಳಗೆ ಹೋಗಿ ನೋಡ್ತೇನೆ.”

ಭಟ್ಟರು ಮಂತ್ರ ನಿಲ್ಲಿಸಿದ್ದರು. ಫ್ಯೂಸು ಸೊಂಟಕ್ಕೆ ಒತ್ತುತ್ತಿತ್ತು. ಹಾಕಿದರೆ ಗಾಳಿ ಬರುತ್ತದೆ, ಅವಳು ಎದ್ದು ಗ್ರೈಂಡರು ಮುಟ್ಟುತ್ತಾಳೆ. ಹಾಕದಿದ್ದರೆ ಹೀಗೇ ಕೂತಲ್ಲೇ ಹೋಗುತ್ತಾಳೆ. ಕೆಂಪಿಯ ಕಣ್ಣು ನೆನಪಾಯಿತು. ಸೊಂಟದಿಂದ ಫ್ಯೂಸು ತೆಗೆದು ಅಕ್ಕನ ಪಕ್ಕ ಮಣೆಯ ಮೇಲೆ ಇಟ್ಟೆ.

“ಕರೆಂಟ್ ಹೋಯಿಲ್ಲ ಅಕ್ಕ. ನಾನೇ ತೆಗೆದದ್ದ್. ಹಸಿರು ವೈರಿಗೆ ಕೊಟ್ಟಿದ್ದೆ. ಅಪ್ಪಯ್ಯ ಕೊಟ್ಟಿಗೆಯಲ್ ಕೊಟ್ಟ ಹಾಂಗೆ.”

ಅವಳು ಫ್ಯೂಸನ್ನು ನೋಡಿದಳು. ಕಾಲಡಿಯ ಮಣೆಯನ್ನು ನೋಡಿದಳು. ಮಾತಿಗೆ ಉಸಿರು ಸಾಲುತ್ತಿರಲಿಲ್ಲ.

“ಅಪ್ಪಯ್ಯನೂ ಹಾಲ್ ಕರೂಕೆ ಅಮ್ಮಂಗೆ ಮಣೆ ಕೊಡ್ತಿದ್ರ್. ತಿಥಿ ಹತ್ರ ಬಂತಲೆ, ನಿಂಗೆ ಅವ್ರ್ ನೆನ್ಪಾಯ್ತ್ ಅಂದ್ಕಂಡಿದ್ದೆ ನಾನು.” ಸ್ವಲ್ಪ ತಡೆದು ಕೇಳಿದಳು, “ಪ್ರಣಮ್ಯಂಗೆ ಕಚ್ಚಿದ್ದ್ ಇರುವೆ ಅಲ್ಲ ಹಾಂಗಾರೆ?”

“ಅಲ್ಲ,” ಎಂದೆ.

ಅಜಯ್ ಬಾಗಿಲಲ್ಲೇ ನಿಂತಿದ್ದ. ಮಡಿ ಗಿಡಿ ನೋಡದೆ ಒಳಗೆ ಬಂದು ತಾಯಿಯನ್ನು ಎತ್ತಿಕೊಂಡು ಕೆಳಗೆ ತಿರುಮಲೇಶನ ಮನೆಗೆ ಓಡಿದ. ಅಲ್ಲಿ ಫ್ಯಾನಿನ ಕೆಳಗೆ ಮಲಗಿಸಿದರು. ಡಾಕ್ಟರಿಗೆ ಫೋನು ಮಾಡಿದರು. ಬಂದು ನೋಡಿ, ಸೆಕೆಗೆ ಹೀಗಾಗಿದೆ, ಎದೆಯ ಯಂತ್ರ ಸರಿಯಿದೆ ಎಂದರು. ಮೆಟ್ಟಿಲ ಮೇಲೆ ನಿಂತು ಅಷ್ಟು ಕೇಳಿಸಿಕೊಂಡು ಮೇಲೆ ಬಂದೆ. ಪಾಯಸ ತಳ ಹಿಡಿದಿತ್ತು. ಬೇರೆ ಪಾತ್ರೆಗೆ ಬಗ್ಗಿಸಿ, ಉಳಿದ ಅಡಿಗೆ ಮುಗಿಸಿ, ಭಟ್ಟರನ್ನು ಕೂರಿಸಿ ತಿಥಿ ಮಾಡಿದೆ. ಪಿಂಡ ಇಡುವಾಗ ಅಪ್ಪಯ್ಯನಿಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಅಜಯ್ ವಾಪಸು ಬಂದು ಕೇಳಿದ್ದು ಎರಡೇ ಮಾತು.

“ಎಷ್ಟು ದಿನದಿಂದ ಗೊತ್ತಿತ್ತು ಮಾವ?”

“ಸ್ವಲ್ಪ ದಿನ.”

“ಪ್ರಣಮ್ಯಾ ಹೇಳಿದ ದಿನದಿಂದ. ಅಲ್ವಾ?”

ಅವನು ಬೈದಿದ್ದರೆ ಒಳ್ಳೆಯದಿತ್ತು.

ಮೇ ೧೧, ಸೋಮವಾರ

ಅಕ್ಕ, ಭಾವನಾ, ಮಗು ತಿರುಮಲೇಶನ ಮನೆಯಲ್ಲೇ ಇದ್ದಾರೆ. ಕಂಪನಿಯವನು ಬಂದು ಬೋರ್ಡುಗಳನ್ನು ಬಿಚ್ಚಿದ. ಹಸಿರು ವೈರುಗಳನ್ನು ನನ್ನ ಕಣ್ಣೆದುರಿಗೇ ಬಿಡಿಸಿದ. ನಾನು ಫ್ರಿಜ್ಜು ಮುಟ್ಟಿ ನೋಡಿದೆ. ತಣ್ಣಗಿತ್ತು, ಅಷ್ಟೇ.

ಚೀಲ ಕಟ್ಟಿ, ಹೇಳಿ ಹೊರಡೋಣವೆಂದು ಕೆಳಗೆ ಹೋದೆ. ಅಕ್ಕ ಮಲಗಿಕೊಂಡೇ ಚೀಲ ನೋಡಿದಳು.

“ಎಲ್ಲಿಗ್ ಹೊರಟದ್ದ್?”

“ಊರಿಗೆ.”

“ಗೋಡೆ ಒಡೆದ್ ಧೂಳು ಗುಡ್ಸುದ್ ಯಾರ್? ನನ್ ಪೇಸ್‌ಮೇಕರಾ?”

ತಿರುಮಲೇಶ ನಗು ತಡೆಯಲಾರದೆ ಒಳಗೆ ಹೋದ. ಸ್ವಲ್ಪ ಹೊತ್ತಿನ ಮೇಲೆ ಬಂದು ಕೆಳಗಿನ ನಲ್ಲಿಯ ಬೀಗದ ಕೈ ಕೊಟ್ಟು, “ತುಳಸಿ ಒಣಗ್ತಾ ಇದೆ ಸಾರ್. ಒಂದೇ ಚೊಂಬು,” ಎಂದ.

ಮೇ ೧೬, ಶನಿವಾರ

ಹೊಸ ವೈರು ಎಳೆದಾಯಿತು. ಗೋಡೆಗೆ ಸಿಮೆಂಟು, ಬಣ್ಣ ಆಯಿತು. ಮೂಲೆಮೂಲೆಯ ಧೂಳು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಅಕ್ಕ ಮೇಲೆ ಬಂದಳು. ಮಲಗಿದಲ್ಲೇ ಫೋನು ಒತ್ತಿದಳು. ಫ್ಯಾನು ನಿಧಾನವಾಯಿತು, ಮತ್ತೆ ಜೋರಾಯಿತು. ನಾನು ಅದನ್ನು ನೋಡುತ್ತ ನಿಂತಿದ್ದೆ.

ಪ್ರಣಮ್ಯಾ ತನ್ನ ಗೆಳತಿಯನ್ನು ಕರೆತಂದು ಸ್ವಿಚ್ಚು ತೋರಿಸಿದಳು. ಆ ಹುಡುಗಿ, ಇದು ಯಾರು ಹಾಕಿದ್ದು ತಾತಾ ಎಂದು ಕೇಳಿತು. ಕಂಪನಿಯವರು ಎಂದೆ. ಇಬ್ಬರಿಗೂ ಟೋಕನ್ನು ತೆಗೆದುಕೊಂಡು ಐಸು ಕೊಟ್ಟೆ. ಪ್ರಣಮ್ಯಾ ತಾನೇ ಫ್ರಿಜ್ಜು ತೆಗೆಯುತ್ತೇನೆ ಎಂದಳು. ಮೊದಲು ನಾನು ಮುಟ್ಟಿದೆ, ಆಮೇಲೆ ಅವಳು.

ಹಲಸಿನ ಮಣೆಯನ್ನು ದೇವರ ಕೋಣೆಗೆ ತಿರುಗಿ ಇಟ್ಟಿದ್ದೆ. ಸಂಜೆ ನೋಡಿದರೆ ಅಕ್ಕ ಅದನ್ನು ಗ್ರೈಂಡರಿನ ಮುಂದೆ ತಂದು ಹಾಕಿಕೊಂಡಿದ್ದಾಳೆ. ಮಂಡಿಗೆ ಒಳ್ಳೆಯದಾಯಿತಂತೆ. ಡಾಕ್ಟರು ಹೇಳಿದ್ದು ಸುಳ್ಳಲ್ಲ ಎಂದಳು, ನನ್ನ ಮುಖ ನೋಡದೆ.

ಖರ್ಚನ್ನೆಲ್ಲ ನಾನೇ ಕೊಟ್ಟೆ. ಅಜಯ್ ಬೇಡವೆಂದ. ನಾನು ಕೇಳಲಿಲ್ಲ, ಅವನೂ ಹೆಚ್ಚು ಹೇಳಲಿಲ್ಲ. ನಿನ್ನೆಯಿಂದ ಮತ್ತೆ ಮಾವ ಎಂದು ಕರೆಯುತ್ತಿದ್ದಾನೆ.

ಈಗ ಪಕ್ಕದ ಕೋಣೆಯಲ್ಲಿ ಅಕ್ಕ ಊರಿಗೆ ಫೋನಿನಲ್ಲಿ ಮಾತಾಡುತ್ತಿದ್ದಾಳೆ. “ಎಂತದೂ ಇಲ್ಲೆ ಮಾರಾಯ್ತಿ, ಸಣ್ಣ ರಿಪೇರಿ. ಶೀನಂದ್ ಒಂದ್ ಎರಡ್ ಸಾವ್ರ ಹೋಯ್ತೇನೋ.”

ಎರಡಲ್ಲ. ಸುಟ್ಟ ಎರಡು ಸ್ವಿಚ್ಚೂ ಸೇರಿ ಇಪ್ಪತ್ತೇಳು ಸಾವಿರದ ಎಂಟುನೂರ ಐವತ್ತು ರೂಪಾಯಿ.